ಕೈಯಲ್ಲಿ ಉಳಿದ ಕೋಟು

ಬೆಳಗಿನ ಐದೂವರೆ. ಹಾರ್ಲನ್ ಕ್ರೀಕ್ ಕಾಲೇಜಿನ ಕ್ರೀಡಾಂಗಣದ ನೆಲಮಾಳಿಗೆಯಲ್ಲಿ ವಾಷಿಂಗ್ ಮೆಷಿನ್ ಗುಡುಗುಡು ಸದ್ದು ಮಾಡುತ್ತಿದೆ. ರೊಂಡಾ ವಾಶೆಕ್ ಬುಟ್ಟಿಯಿಂದ ನೀಲಿ ಜೆರ್ಸಿಗಳನ್ನು ತೆಗೆದು, ಒಳಮಗ್ಗುಲನ್ನು ಹೊರಗೆ ಮಾಡಿ, ಒಂದರ ಮೇಲೊಂದು ಒಟ್ಟುತ್ತಾರೆ. ಹಾಗೆ ತಿರುವಿ ಒಗೆಯದಿದ್ದರೆ ಬೆನ್ನ ಮೇಲಿನ ಅಂಕಿ ಉದುರಿಹೋಗುತ್ತದಂತೆ. ನಿನ್ನೆ ಸಂಜೆ ಈ ಜೆರ್ಸಿಗಳು ಋತುವಿನ ಕೊನೆಯ ಆಟ ಮುಗಿಸಿವೆ. ಹೊರಗೆ ನೆಬ್ರಾಸ್ಕಾದ ಮಾರ್ಚ್ ಗಾಳಿ ಕಿಟಕಿಯ ಸಂದಿಯಲ್ಲಿ ಸಿಳ್ಳೆ ಹಾಕುತ್ತಿದೆ.

ಗೋಡೆಯ ಗೂಟದಲ್ಲಿ ಗಂಡಸಿನ ಕೋಟೊಂದು ತೂಗುತ್ತಿದೆ. ಬೂದುಬಣ್ಣದ ಚೌಕುಳಿ ಕೋಟು, ಮೊಣಕೈಯಲ್ಲಿ ಸವೆದಿದೆ, ಹಿಂಬದಿಯ ಅಂಚು ಜೋತುಬಿದ್ದಿದೆ. ಅಂಚು ಜೋತುಬೀಳಲು ರೊಂಡಾ ಅವರೇ ಕಾರಣ. ಒಂಬತ್ತು ವರ್ಷ ಅದನ್ನು ಹಿಡಿದೆಳೆದವರು ಅವರೇ.

“ಇದನ್ನ ಮೆಷಿನ್‌ಗೆ ಹಾಕೋ ಹಾಗಿಲ್ಲ. ವಾಪಸ್ ಕೊಡೋಣ ಅಂದ್ರೆ ನಮ್ಮ ಕೋಚ್ ನಿನ್ನೆಯಿಂದ ಫೋನೇ ಎತ್ತುತ್ತಿಲ್ಲ,” ಎಂದು ರೊಂಡಾ ನಗುತ್ತಾರೆ. ಆದರೆ ಆ ನಗು ಪೂರ್ತಿ ಅರಳುವುದಿಲ್ಲ. ಇವತ್ತು ಮಧ್ಯಾಹ್ನ ಕಾಲೇಜಿನ ಆಯ್ಕೆ ಸಮಿತಿ ಹೊಸ ಮುಖ್ಯ ಕೋಚ್ ಯಾರೆಂದು ಹೇಳಲಿದೆ. ಅದು ರೊಂಡಾ ಆಗಬಹುದು. ಆಗದಿದ್ದರೆ ಅವರು ಮತ್ತೊಮ್ಮೆ ಗಂಟುಮೂಟೆ ಕಟ್ಟಬೇಕು. ಈ ಕಸುಬಿನಲ್ಲಿ ಹೊಸ ಮುಖ್ಯ ಕೋಚ್ ತನ್ನ ಸಹಾಯಕರನ್ನು ತಾನೇ ಕರೆತರುತ್ತಾರೆ, ಹಳಬರು ಮೇಜು ಖಾಲಿ ಮಾಡುತ್ತಾರೆ. ಅದನ್ನು ಅನ್ಯಾಯವೆಂದು ಯಾರೂ ಕೂಗಾಡುವುದಿಲ್ಲ, ಮಳೆ ಬಿಸಿಲಿನ ಹಾಗೆ ಒಪ್ಪಿಕೊಂಡುಬಿಟ್ಟಿದ್ದಾರೆ.

ಕಾಲೇಜು ಬಾಸ್ಕೆಟ್‌ಬಾಲ್ ಎಂದರೆ ಜನರ ಕಣ್ಣಿಗೆ ಬೀಳುವುದು ಆಡುವ ಐದು ಮಂದಿ ಹುಡುಗಿಯರು ಮತ್ತು ಪಕ್ಕದಲ್ಲಿ ನಿಂತು ಗಂಟಲು ಹರಿದುಕೊಳ್ಳುವ ಮುಖ್ಯ ಕೋಚ್. ಅವರ ಬಲಕ್ಕಿರುವ ಮಡಚು ಕುರ್ಚಿಯತ್ತ ಯಾರೂ ನೋಡುವುದಿಲ್ಲ. ನಲವತ್ತೆಂಟರ ರೊಂಡಾ ಆ ಎರಡನೇ ಕುರ್ಚಿಯಲ್ಲೇ ಅರ್ಧ ಆಯುಸ್ಸು ಕಳೆದಿದ್ದಾರೆ. ಎದುರಾಳಿಗಳ ಹಳೆಯ ಆಟಗಳನ್ನು ನೋಡಿ ಅವರ ಒಳಗುಟ್ಟು ಹುಡುಗಿಯರಿಗೆ ಹೇಳಿಕೊಡುವುದು ಅವರ ಕೆಲಸ. ಹೈಸ್ಕೂಲುಗಳನ್ನು ಸುತ್ತಿ ಹೊಸ ಆಟಗಾರ್ತಿಯರನ್ನು ಹುಡುಕುವುದು, ಅವರ ಮನೆಯ ಅಡುಗೆಮನೆಯಲ್ಲಿ ಕೂತು ಅಪ್ಪ ಅಮ್ಮನನ್ನು ಒಪ್ಪಿಸುವುದೂ ಅವರದೇ. ದೂರದೂರಿನ ಪಂದ್ಯಕ್ಕೆ ವ್ಯಾನು ಓಡಿಸುತ್ತಾರೆ. ರಸಾಯನಶಾಸ್ತ್ರದಲ್ಲಿ ಫೇಲಾದವಳನ್ನು ಎಬ್ಬಿಸಿ ಓದಲು ಕೂರಿಸುತ್ತಾರೆ. ಕೊನೆಗೆ ಎಲ್ಲರ ಬಟ್ಟೆ ಒಗೆಯುತ್ತಾರೆ. ಸಣ್ಣ ಕಾಲೇಜಿನಲ್ಲಿ ಇದೆಲ್ಲದಕ್ಕೂ ಸೇರಿ ಅಸಿಸ್ಟೆಂಟ್ ಕೋಚ್ ಎಂಬ ಒಂದೇ ಹೆಸರು.

ಇದರ ಮೇಲೆ ಇನ್ನೊಂದು ಕೆಲಸವಿದೆ, ಕೋಟು ಹಿಡಿಯುವುದು. ಇಲ್ಲಿನ ಮುಖ್ಯ ಕೋಚ್ ಡೇಲ್ ಲಿಂಡ್‌ಹೋಮ್ ಈ ಋತುವಿಗೆ ನಿವೃತ್ತರಾಗುತ್ತಿದ್ದಾರೆ. ಭಾನುವಾರ ಚರ್ಚಿನ ಬಾಗಿಲು ಹಿಡಿದು ನಿಂತು ಎಲ್ಲರಿಗೂ ದಾರಿ ಬಿಡುವ ಸಾಧು ಮನುಷ್ಯ. ಆಟ ಶುರುವಾಯಿತೆಂದರೆ ಮೈಮೇಲೆ ಬಂದವರ ಹಾಗೆ. ರೆಫರಿ ಒಂದು ಸೀಟಿ ತಪ್ಪಾಗಿ ಊದಿದರೂ ಗೆರೆ ದಾಟಿ ಅಂಕಣಕ್ಕೇ ನುಗ್ಗುತ್ತಾರೆ. ನುಗ್ಗಿದರೆ ಟೆಕ್ನಿಕಲ್ ಫೌಲ್, ಎದುರಾಳಿಗೆ ಪುಕ್ಕಟೆ ಎಸೆತ. ಎರಡು ಸಲ ಆದರೆ ಕೋಚೇ ಹೊರಗೆ. ಆದ್ದರಿಂದ ಅವರು ನುಗ್ಗಲು ಎದ್ದ ಕೂಡಲೇ ರೊಂಡಾ ಹಿಂದಿನಿಂದ ಕೋಟಿನ ಅಂಚು ಹಿಡಿದು ಕುರ್ಚಿಗೆ ಎಳೆಯಬೇಕು.

“ಕರು ಕಟ್ಟಿದ ಹಗ್ಗ ಹಿಡಿದ ಹಾಗೆ ಕಣ್ರೀ ಅದು,” ಎನ್ನುತ್ತಾರೆ ರೊಂಡಾ. “ತೀರಾ ಬಿಗಿ ಹಿಡಿದ್ರೆ ನನ್ನನ್ನೂ ಎಳ್ಕೊಂಡು ಹೋಗ್ತಾರೆ. ಸಡಿಲ ಬಿಟ್ರೆ ಓಡೇಹೋಗ್ತಾರೆ. ಭುಜ ನೋಡ್ತಾ ಇರಬೇಕು. ಬಾಯಿ ಕೂಗೋಕ್ಕೆ ಮುಂಚೆ ಭುಜ ಎದ್ದಿರತ್ತೆ.”

ಈ ಕಸುಬಿನ ಏಣಿಯ ಮೊದಲ ಮೆಟ್ಟಿಲು ರೊಂಡಾ ಅವರಿಗೆ ಅಳುವಾಗ ಸಿಕ್ಕಿತು. ಧಾನ್ಯದ ಗೋದಾಮಿನ ಕೆಲಸಗಾರನ ಮಗಳು, ಕಾಲೇಜಿನಲ್ಲಿ ಚೆನ್ನಾಗಿಯೇ ಆಡುತ್ತಿದ್ದರು. ಎರಡನೇ ವರ್ಷ ಮಂಡಿ ಮುರಿಯಿತು. ಬೆಂಚಿನ ಮೇಲೆ ಕೂತು ಅಳುತ್ತಿದ್ದಾಗ ಅಂದಿನ ಕೋಚ್ ಒಂದು ಹೊರೆ ಟವೆಲ್ ತಂದು ತೊಡೆಯ ಮೇಲೆ ಹಾಕಿ, “ಹೇಗೂ ಕೂತಿದ್ದೀಯ, ಇವನ್ನ ಹಂಚು,” ಎಂದರಂತೆ. ಟವೆಲ್ ಹಂಚಿದವರು ಮುಂದೆ ಓದುತ್ತಲೇ ಕೆಲಸ ಮಾಡುವ ಕಿರಿಯ ಸಹಾಯಕಿಯಾದರು. ಆಗ ಹಾಸ್ಟೆಲ್ ಕೋಣೆ ಮತ್ತು ಊಟವೇ ಸಂಬಳ. ಆಮೇಲೆ ಅಯೋವಾ, ಸೌತ್ ಡಕೋಟಾ, ಮಿಸೌರಿ, ಕಾನ್ಸಾಸ್. ಒಂದು ಕಡೆ ತಂಡ ಸೋತಿತೆಂದು ಮುಖ್ಯ ಕೋಚನ್ನು ತೆಗೆದರು. ಇನ್ನೊಂದು ಕಡೆ ತಂಡ ಎಷ್ಟು ಗೆದ್ದಿತೆಂದರೆ, ದೊಡ್ಡ ಕಾಲೇಜಿನವರು ಬಂದು ಕೋಚನ್ನು ಎತ್ತಿಕೊಂಡು ಹೋದರು.

“ಸೋತ್ರೂ ನಾವು ಹೋಗ್ಬೇಕು, ಗೆದ್ರೂ ನಾವೇ ಹೋಗ್ಬೇಕು. ಮಿಸೌರಿಲಿ ನನಗೆ ಸುದ್ದಿ ಹೇಳಿದ್ದು ಅಂಗಡಿ ಕ್ಯಾಷಿಯರ್. ‘ಟಿವಿಲಿ ಬಂತಲ್ಲ, ನಿಮ್ಮ ಕೋಚ್‌ನ ತೆಗೆದ್ರಂತೆ, ಚೀಲ ಬೇಕಾ?’ ಅಂದ್ಲು. ಮನೆಗೆ ಹೋಗಿ ಮೊದಲು ಐಸ್‌ಕ್ರೀಮ್ ಕರಗೋದ್ರೊಳಗೆ ತಿಂದು ಮುಗಿಸಿದ್ವಿ. ಆಮೇಲೆ ಅಟ್ಟದಿಂದ ಪೆಟ್ಟಿಗೆ ಇಳಿಸಿದ್ವಿ.”

ಐಸ್‌ಕ್ರೀಮ್ ತಿಂದ ಇನ್ನೊಬ್ಬರು ಪತಿ ಕರ್ಟ್, ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು. ಹೆಂಡತಿ ಹೋದ ಊರಿನಲ್ಲೆಲ್ಲ ಹೊಸ ಶಾಲೆ ಹುಡುಕಿಕೊಂಡವರು, ತುಟಿ ಪಿಟಕ್ಕೆನ್ನದವರು. ಈ ಊರಿಗೆ ಬಂದ ಮೇಲೆ ಮಾತ್ರ ಹಿತ್ತಲಲ್ಲಿ ಸೇಬಿನ ಗಿಡ ನೆಟ್ಟರು. “ಇವು ಪೆಟ್ಟಿಗೇಲಿ ಹಿಡಿಸಲ್ಲ ಕಣೇ, ನೋಡ್ಕೋ,” ಎಂದು ಒಂದೇ ಮಾತು ಹೇಳಿದರಂತೆ. ಕಳೆದ ವರ್ಷ ಮೊದಲ ಫಸಲು ಬಂದಿದೆ.

ಒಂಬತ್ತು ವರ್ಷದಲ್ಲಿ ಒಂದೇ ಒಂದು ಸಲ ರೊಂಡಾ ಕೋಟು ಬಿಟ್ಟದ್ದುಂಟು. ನಾಲ್ಕು ವರ್ಷದ ಹಿಂದೆ, ಲೀಗಿನ ಸೆಮಿಫೈನಲ್‌ನಲ್ಲಿ ಎರಡೂ ತಂಡಗಳು ಸಮ. ಅಂಕಣಕ್ಕಿಳಿಯುವ ಹುಡುಗಿಗೆ ಯಾರನ್ನು ತಡೆಯಬೇಕೆಂದು ಹೇಳಲು ಅತ್ತ ತಿರುಗಿದರು. ಇತ್ತ ತಿರುಗುವಷ್ಟರಲ್ಲಿ ಲಿಂಡ್‌ಹೋಮ್ ಅಂಕಣದ ನಡುವೆ ರೆಫರಿಯ ಮೂಗಿಗೆ ಮೂಗು ತಾಗಿಸಿ ನಿಂತಿದ್ದರು. ಎದುರಾಳಿಗೆ ಪುಕ್ಕಟೆ ಎಸೆತ ಸಿಕ್ಕಿತು, ಆಟ ಹೋಯಿತು. ಲಿಂಡ್‌ಹೋಮ್ ಯಾಕೆ ಓಡಿದರೆಂದು ಊರು ಕೇಳಲಿಲ್ಲ. ರೊಂಡಾ ಕೈಬಿಟ್ಟಳು ಎಂದಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇವತ್ತಿಗೂ ಮುಖ್ಯಬೀದಿಯ ಹೋಟೆಲಿನ ವರ್ನಾ, ಚಿಲ್ಲಿ ಎಂಬ ಮಾಂಸದ ಸಾರಿನ ಬಟ್ಟಲಿನ ಜೊತೆಗೆ ಸುರುಳಿ ಸುತ್ತಿದ ಸಿಹಿ ಸಿನಮನ್ ರೋಲ್ ತಂದಿಡುವಾಗ, “ತಟ್ಟೆ ಗಟ್ಟಿಯಾಗಿ ಹಿಡ್ಕೊಳೇ ರೊಂಡಾ, ಕೈಬಿಟ್ಟೀಯ!” ಎಂದು ಕೆಣಕುತ್ತಾಳೆ. “ನಿನ್ನ ರೋಲ್ ಬಿದ್ರೆ ಪೆಟ್ಟಾಗೋದು ನೆಲಕ್ಕೆ ಬಿಡು,” ಎಂದು ಇವರೂ ತಿರುಗಿಸಿ ಕೊಡುತ್ತಾರೆ. ನಗುತ್ತಲೇ ತಿಂದು ಬರುತ್ತಾರೆ. ನೋವಾಗುವುದಿಲ್ಲವೇ ಎಂದರೆ, “ಆಗತ್ತೆ. ಆದ್ರೆ ರೋಲ್ ಚೆನ್ನಾಗಿರತ್ತೆ,” ಎನ್ನುತ್ತಾರೆ.

ಕಳೆದ ವಾರ ಸಂದರ್ಶನ ನಡೆಯಿತು. ಕಾಲೇಜಿನ ಕ್ರೀಡಾ ನಿರ್ದೇಶಕ ಪೀಟರ್ ಹಾಲ್ವರ್‌ಸನ್ ಬಾಯ್ತುಂಬ ಹೊಗಳಿದರು. “ಇಡೀ ರಾಜ್ಯ ಹುಡುಕಿದ್ರೂ ನಿಮ್ಮಂಥ ಅಸಿಸ್ಟೆಂಟ್ ಸಿಗಲ್ಲ ರೊಂಡಾ.” ಇದೇ ಮಾತನ್ನು ರೊಂಡಾ ಮಿಸೌರಿಯಲ್ಲೂ ಕಾನ್ಸಾಸ್‌ನಲ್ಲೂ ಕೇಳಿದ್ದರು. ಹೊಗಳುತ್ತ ಹೊಗಳುತ್ತಲೇ ಏಣಿ ತೆಗೆದುಬಿಡುವ ಮಾತು ಅದು. ಸಮಿತಿಯಲ್ಲಿದ್ದ ಬೀಜದ ವ್ಯಾಪಾರಿ ಮೆಲ್ವಿನ್ ಟ್ರೌಟ್ ಇನ್ನೂ ನೇರವಾಗಿ ಕೇಳಿದರು.

“ಅಲ್ಲಮ್ಮ, ಇಷ್ಟು ವರ್ಷ ಕೂತೇ ಇದ್ದೀಯಲ್ಲ. ಎದ್ದು ನಿಲ್ಲೋಕೆ ಬರುತ್ತಾ?”

“ಬರತ್ತೆ. ನೀವು ನೋಡಿಲ್ಲ ಅಷ್ಟೆ,” ಎಂದರು ರೊಂಡಾ.

ನೋಡುವ ದಾರಿಯೂ ಇರಲಿಲ್ಲ. ಇಲ್ಲಿಯ ಲೀಗಿನಲ್ಲಿ ಆಟ ನಡೆಯುವಾಗ ಒಬ್ಬ ಕೋಚ್ ಮಾತ್ರ ನಿಲ್ಲಬಹುದು, ಮಿಕ್ಕವರು ಕೂತಿರಬೇಕು. ಲಿಂಡ್‌ಹೋಮ್ ನಿಂತಿರುವಷ್ಟು ಕಾಲ ರೊಂಡಾ ಕೂತವರೇ. ಸಂದರ್ಶನ ಮುಗಿಸಿ ಬಂದವರನ್ನು ಲಿಂಡ್‌ಹೋಮ್, “ಏನಂದ್ರಮ್ಮ?” ಎಂದು ಕೇಳಿದರು. ರೊಂಡಾ ಇದ್ದದ್ದು ಇದ್ದ ಹಾಗೆ ಹೇಳಿದರು. ಮುದುಕ ಒಂದು ಸಲ ಹೂಂಕರಿಸಿದರು.

ನಿನ್ನೆ ಸಂಜೆ ಸಮಿತಿಯವರೆಲ್ಲ ಕುಟುಂಬ ಸಮೇತ ನಾಲ್ಕನೇ ಸಾಲಿನಲ್ಲಿದ್ದರು. ಮೊದಲರ್ಧದಲ್ಲೇ ಲಿಂಡ್‌ಹೋಮ್ ಬಾಯಿ ಹರಿಬಿಟ್ಟು ಒಂದು ಟೆಕ್ನಿಕಲ್ ಗಳಿಸಿದ್ದರು, ಕೋಟು ಹಿಡಿಯಬಹುದು, ಬಾಯಿ ಹಿಡಿಯಲಾದೀತೆ. ದ್ವಿತೀಯಾರ್ಧದಲ್ಲಿ ತಂಡ ಕೊಂಚ ಮುಂದಿದ್ದಾಗ ರೆಫರಿ ಒಂದು ಸೀಟಿ ಊದಿದರು. ಅಂಥ ಅನ್ಯಾಯದ ಸೀಟಿಯೇನೂ ಅಲ್ಲ. ರೊಂಡಾ ಭುಜ ನೋಡಿದರು, ಭುಜ ಎದ್ದಿರಲಿಲ್ಲ. ಆದರೂ ಮುದುಕ ನಿಧಾನವಾಗಿ ಎದ್ದು ಹೆಜ್ಜೆ ಮುಂದಿಟ್ಟರು. ರೊಂಡಾ ಎರಡೂ ಕೈಯಲ್ಲಿ ಅಂಚನ್ನು ಬಾಚಿ ಹಿಡಿದರು. ಆಗಲೇ ಕಂಡದ್ದು, ಕೋಟಿನ ಗುಂಡಿಗಳೆಲ್ಲ ಬಿಚ್ಚಿವೆ. ಒಂಬತ್ತು ವರ್ಷದಲ್ಲಿ ಎಂದೂ ಅವರು ಗುಂಡಿ ಬಿಚ್ಚಿ ಕೂತವರಲ್ಲ. ಲಿಂಡ್‌ಹೋಮ್ ಎರಡೂ ತೋಳನ್ನು ಹಿಂದಕ್ಕೆ ಚಾಚಿ, ಮನೆಗೆ ಬಂದವರು ಕೋಟು ಕಳಚುವ ಹಾಗೆ ಕಳಚಿಕೊಂಡು, ಬರಿ ಅಂಗಿಯಲ್ಲಿ ಅಂಕಣದ ನಡುವಿಗೆ ನಡೆದರು. ರೆಫರಿಯ ಕಿವಿಯಲ್ಲಿ ಏನೋ ಹೇಳಿದರು. ಸೀಟಿ ಬಿತ್ತು, ಎರಡನೇ ಟೆಕ್ನಿಕಲ್. ಯಾರತ್ತಲೂ ನೋಡದೆ ಕೊಠಡಿಯ ದಾರಿ ಹಿಡಿದರು.

ರೊಂಡಾ ಆಗ ಮಾಡಿದ್ದೇನು? ಕೂತುಬಿಟ್ಟರು. ಅದೂ ಎರಡನೇ ಕುರ್ಚಿಯಲ್ಲೇ, ತೊಡೆಯ ಮೇಲೆ ಕೋಟು ಇಟ್ಟುಕೊಂಡು. ರೆಫರಿ ಬಂದು, “ನಿಮ್ಮ ಕೋಚ್ ಯಾರು?” ಎಂದಾಗ ಅಭ್ಯಾಸಬಲದಿಂದ ಎಡಕ್ಕೆ ತಿರುಗಿ ಖಾಲಿ ಕುರ್ಚಿಯನ್ನು ನೋಡಿದರು. ಬದಲಿ ಆಟಗಾರ್ತಿ ಕೆಂಡ್ರಾ ಮೊಣಕೈಯಲ್ಲಿ ತಿವಿದಳು. “ಎದ್ದೇಳಿ ಕೋಚ್, ನಿಮ್ಮನ್ನೇ ಕೇಳ್ತಿರೋದು!”

“ನನಗೇ ನಾಚಿಕೆ ಆಯ್ತು. ಟ್ರೌಟ್ ಹೇಳಿದ್ದು ನಿಜವೇನೋ ಅನ್ನಿಸ್ತು. ಎದ್ದೆ. ಎದ್ದ ಮೇಲೆ ನೋಡಿ, ಆಟಾನೇ ಬೇರೆ ಥರ ಕಾಣತ್ತೆ. ಕೂತು ನೋಡಿದ್ರೆ ಬರೀ ಕಾಲು. ನಿಂತು ನೋಡಿದ್ರೆ ಎಲ್ಲಿ ಖಾಲಿ ಜಾಗ ಇದೆ ಅಂತ ಕಾಣತ್ತೆ.”

ಪುಕ್ಕಟೆ ಎಸೆತಗಳಿಂದ ಎದುರಾಳಿ ಮುಂದೆ ಹೋಯಿತು. ಹಗ್ಗಜಗ್ಗಾಟ ಕೊನೆಯ ನಿಮಿಷಕ್ಕೆ ಬಂದಾಗ ಒಂದೇ ಅಂಕದ ಹಿನ್ನಡೆ. ರೊಂಡಾ ವಿರಾಮ ಕೇಳಿ ಹುಡುಗಿಯರನ್ನು ಸುತ್ತ ಸೇರಿಸಿ, “ರೋಲ್ ಆಡೋಣ,” ಎಂದರು. ಒಬ್ಬ ಹುಡುಗಿ ಗೆಳತಿಯರ ಬೆನ್ನ ಹಿಂದೆ ಸುರುಳಿ ಸುತ್ತಿ ಬುಟ್ಟಿಯ ಕೆಳಗೆ ಬರುವ ಈ ತಂತ್ರವನ್ನು ಅವರು ವರ್ನಾಳ ಹೋಟೆಲಿನಲ್ಲಿ ಕೂತು ಹೊಸೆದದ್ದು. ಲಿಂಡ್‌ಹೋಮ್‌ಗೆ ಅದನ್ನು ಕಂಡರಾಗದು.

“ಕೋಚ್ ಲಿಂಡ್‌ಹೋಮ್ ಇದು ಬೇಕರಿಗೆ ಸರಿ ಅಂದಿದ್ರಲ್ಲ?” ಎಂದಳೊಬ್ಬಳು.

“ಅವರು ಹೊರಗಿದ್ದಾರೆ. ನಾನು ಒಳಗಿದ್ದೀನಿ. ನಡೀರಿ.”

ಸುರುಳಿ ಸುತ್ತಿ ಬಂದವಳು ಎರಡನೇ ವರ್ಷದ ಬ್ರಿನ್, ಹಂದಿ ಸಾಕುವವರ ಮನೆಯ ಮಗಳು. ಅವಳನ್ನು ಕಾಲೇಜಿಗೆ ಕಳಿಸೆಂದು ರೊಂಡಾ ಅವಳಪ್ಪನ ಅಡುಗೆಮನೆಗೆ ಎಡತಾಕಿದ್ದರು. ಎದುರಾಳಿಗಳೆಲ್ಲ ತಂಡದ ದೊಡ್ಡ ಆಟಗಾರ್ತಿಯ ಮೈಮೇಲೆ ಬಿದ್ದಿದ್ದಾಗ ಬ್ರಿನ್ ಒಬ್ಬಳೇ ಬುಟ್ಟಿಯ ಕೆಳಗಿದ್ದಳು. ಚೆಂಡು ಒಳಗೆ. ಆ ಸಂತೋಷಕ್ಕೆ ರೊಂಡಾ ಅವರ ಕಾಲು ಗೆರೆ ದಾಟಿಯೇಬಿಟ್ಟಿತ್ತು. ಹಿಂದಿನಿಂದ ಯಾರೋ ರೊಂಡಾ ತೊಟ್ಟಿದ್ದ ಕೋಟನ್ನೇ ಹಿಡಿದು ಜಗ್ಗಿದರು. ಕೆಂಡ್ರಾ! “ಕೂತ್ಕೊಳ್ಳಿ ಕೋಚ್, ಇನ್ನೂ ಮುಗಿದಿಲ್ಲ!” ಮುಗಿದಾಗ ಹಾರ್ಲನ್ ಕ್ರೀಕ್ ಒಂದೇ ಅಂಕದಿಂದ ಗೆದ್ದಿತ್ತು.

ಇಂದು ಮಧ್ಯಾಹ್ನದ ಊಟದ ಹೊತ್ತು. ಒಣಗಿದ ಜೆರ್ಸಿಗಳನ್ನು ರೊಂಡಾ ಮಡಚಿ ಮುಗಿಸಿದ್ದಾರೆ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಾರೆ. ಮೆಟ್ಟಿಲ ಮೇಲೆ ಬೂಟಿನ ಸದ್ದು. ಹಾಲ್ವರ್‌ಸನ್ ತಾವೇ ಇಳಿದು ಬಂದಿದ್ದಾರೆ, ಹಿಂದೆ ಏದುಸಿರು ಬಿಡುತ್ತ ಮೆಲ್ವಿನ್ ಟ್ರೌಟ್.

“ಮೇಲೆ ಬನ್ನಿ ಕೋಚ್. ಸಹಿ ಹಾಕೋದಿದೆ,” ಎನ್ನುತ್ತಾರೆ ಹಾಲ್ವರ್‌ಸನ್.

“ಎದ್ದು ನಿಲ್ಲೋಕೆ ಬರತ್ತೆ ಬಿಡಮ್ಮ,” ಎಂದು ಟ್ರೌಟ್ ಟೋಪಿ ತೆಗೆಯುತ್ತಾರೆ. “ನೀನು ಮೊದಲು ಸ್ವಲ್ಪ ಕೂತೆ. ಪರವಾಗಿಲ್ಲ.”

ರೊಂಡಾ ಜೆರ್ಸಿಯೊಂದರಲ್ಲಿ ಮುಖ ಒತ್ತಿಕೊಳ್ಳುತ್ತಾರೆ. ಆಮೇಲೆ ಮೊದಲ ಫೋನು ಗಂಡನಿಗೆ. “ಕತ್ತರಿ ತಗೊಂಡು ಗಿಡ ಸವರು ಕರ್ಟ್. ಇಲ್ಲೇ ಇರ್ತೀವಿ.” ಆ ಕಡೆಯಿಂದ ಮೂಗೊರೆಸುವ ಸದ್ದು ಕೇಳುತ್ತದೆ.

ಲಿಂಡ್‌ಹೋಮ್ ತಮ್ಮ ಮನೆಯಂಗಳದ ಹಿಮವನ್ನು ಸಲಿಕೆಯಿಂದ ಎತ್ತಿಹಾಕುತ್ತಿದ್ದಾರೆ. ರೊಂಡಾ ಕೋಟನ್ನು ಮುಂದೆ ಹಿಡಿದು ನೇರವಾಗಿ ಕೇಳುತ್ತಾರೆ.

“ಬೇಕೂಂತ ಮಾಡಿದ್ರಾ?”

“ಆ ರೆಫರಿಗೆ ಕಣ್ಣು ಕಾಣಲ್ಲ ಕಣಮ್ಮ. ಯಾರಿಗಾದ್ರೂ ಸಿಟ್ಟು ಬರತ್ತೆ.”

“ಗುಂಡಿ ಬಿಚ್ಚಿತ್ತು.”

“ಸೆಕೆ ಆಗ್ತಿತ್ತು.”

“ಮಾರ್ಚ್‌ನಲ್ಲಾ?”

ಮುದುಕ ಸಲಿಕೆ ಕೆಳಗಿಟ್ಟು, ಕೋಟು ತೊಟ್ಟುಕೊಂಡು, ಗುಂಡಿಗಳನ್ನು ಒಂದೂ ಬಿಡದೆ ಹಾಕಿಕೊಳ್ಳುತ್ತಾರೆ. “ಆ ರೋಲ್ ಇದೆಯಲ್ಲ,” ಎಂದು ಸಲಿಕೆ ಎತ್ತಿಕೊಳ್ಳುತ್ತ ಹೇಳುತ್ತಾರೆ, “ಬಾಗಿಲ ಸಂದಿಯಿಂದ ನೋಡಿದೆ. ಅಷ್ಟೇನೂ ಕೆಟ್ಟದಾಗಿಲ್ಲ.”

ವ್ಯಾನಿಗೆ ಮರಳುವಾಗ ರೊಂಡಾ ಕಣ್ಣೊರೆಸಿಕೊಂಡು ಜೋರಾಗಿ ನಗುತ್ತಾರೆ, ಈ ಸಲ ಪೂರ್ತಿ. ಈಗ ಏನು ಆಸೆ ಎಂದರೆ ದೊಡ್ಡದೇನೂ ಇಲ್ಲ. ಎರಡನೇ ಕುರ್ಚಿಗೆ ಒಬ್ಬರು ಬೇಕು, ಭುಜ ನೋಡಲು ಬರುವವರು. ಮೇ ತಿಂಗಳಲ್ಲಿ ಪದವಿ ಮುಗಿಸುವ ಕೆಂಡ್ರಾಳನ್ನು ಕೇಳಬೇಕೆಂದಿದ್ದಾರೆ. “ಒಳ್ಳೆ ಹಿಡಿತ ಇದೆ ಆ ಹುಡುಗಿಗೆ. ನಾನು ಮಾತ್ರ ಇನ್ನು ಕೋಟು ಹಾಕಲ್ಲ, ತಲೆ ಮೇಲಿಂದ ತೊಡೋ ಸ್ವೆಟರ್ ಹಾಕ್ತೀನಿ. ಅದರಿಂದ ಯಾರೂ ಜಾರಿಕೊಳ್ಳೋಕಾಗಲ್ಲ.”