ಗೊತ್ತಿಲ್ಲ ಸಾಹೇಬರು

ನಮ್ಮ ಚಪ್ಪಲಿ ಕಾರ್ಖಾನೆಯಲ್ಲಿ ಯಾವ ರಾಸಾಯನಿಕವನ್ನು ಎಷ್ಟು ಬಳಸಬಹುದೆಂದು ನಿರ್ಧರಿಸುವ ಸುರಕ್ಷತಾ ಅಧಿಕಾರಿಗೆ ನಾವಿಟ್ಟ ಹೆಸರು 'ಗೊತ್ತಿಲ್ಲ ಸಾಹೇಬರು'. ಮನೆಯವರು ಚೆನ್ನಾಗಿದ್ದಾರಾ ಎಂದು ಕೇಳಿದರೂ, "ಬೆಳಿಗ್ಗೆ ಎಂಟರ ತನಕ ಚೆನ್ನಾಗಿದ್ದಳು, ಆಮೇಲಿನದು ಗೊತ್ತಿಲ್ಲ" ಅನ್ನುವ ಆಸಾಮಿ. ಪ್ರಯೋಗಾಲಯದ ಇಲಿಗೆ ಏನೂ ಕೆಡುಕು ಮಾಡದ ಪ್ರಮಾಣವನ್ನು ಅವರು ಹತ್ತರಿಂದ ಭಾಗಿಸುತ್ತಿದ್ದರು, ಮನುಷ್ಯ ಇಲಿಯಲ್ಲವಲ್ಲ. ಒಬ್ಬರ ಮೈ ಇನ್ನೊಬ್ಬರಂತಿಲ್ಲವೆಂದು ಮತ್ತೆ ಹತ್ತರಿಂದ. ಪರೀಕ್ಷೆಯೇ ಆಗದ ವಿಷಯವೇನಾದರೂ ಉಳಿದಿದ್ದರೆ ಇನ್ನೊಮ್ಮೆ. "ಹೀಗೇ ಭಾಗಿಸ್ತಾ ಹೋದ್ರೆ ಡಬ್ಬದಲ್ಲಿ ಬರೀ ಗಾಳಿ ಉಳಿಯುತ್ತೆ ಸಾರ್" ಎಂದು ಮ್ಯಾನೇಜರು ಹಲ್ಲು ಕಡಿದರೆ, "ಆ ಗಾಳೀಲಿ ಏನೇನಿದೆ ಅಂತ ನೋಡಿದ್ದೀರಾ?" ಎಂದು ಮುಗ್ಧವಾಗಿ ಕೇಳುತ್ತಿದ್ದರು. ಹೊಸ ಅಂಟು ಬಂದಾಗ ಅಟ್ಟೆ ಅಂಟಿಸುವ ಕೆಲಸದಲ್ಲಿದ್ದ ನಾನು ನಾಲ್ಕು ತಿಂಗಳ ಬಸುರಿ. "ಹೊಟ್ಟೇಲಿರೋ ಮಗುವಿಗೆ ಇದು ಏನು ಮಾಡುತ್ತೆ ಅಂತ ಯಾರೂ ನೋಡಿಲ್ಲಮ್ಮ. ಗೊತ್ತಿಲ್ಲ ಅಂದ್ರೆ ಅಪಾಯ ಇಲ್ಲ ಅಂತಲ್ಲ" ಎಂದವರೇ ಮ್ಯಾನೇಜರೊಡನೆ ಜಗಳವಾಡಿ, ಸಂಬಳ ಕಡಿಮೆಯಾಗದಂತೆ ನನ್ನನ್ನು ಪ್ಯಾಕಿಂಗಿಗೆ ಹಾಕಿಸಿದರು. ಗೆಳತಿಯರಿಂದ ದೂರ ಮಾಡಿದರೆಂದು ನಾನು ಹೆರಿಗೆಯವರೆಗೂ ಅವರ ಮೇಲೆ ಮುಖ ಊದಿಸಿಕೊಂಡೇ ಇದ್ದೆ. ಮಗಳಿಗೆ ಎರಡು ತುಂಬಿದ ಮೇಲೆ, ಆ ಅಂಟು ಗರ್ಭದ ಮಗುವಿಗೆ ಕೆಡುಕೆಂಬ ವರದಿ ಬಂತು. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವರ ಕೋಣೆಗೆ ಓಡಿದೆ. ಋಣವನ್ನು ಬಾಯಿಬಿಟ್ಟು ಹೇಳಬೇಕೆಂದಿದ್ದೆ. ಗೆದ್ದ ಕಳೆ ಅವರ ಮುಖದಲ್ಲಿರಲಿಲ್ಲ. ಅದೇ ಅಂಟು ಬಳಸುವ ಬೇರೆ ಕಾರ್ಖಾನೆಗಳ ಪಟ್ಟಿ ಮುಂದಿಟ್ಟುಕೊಂಡು, ನನಗೆ ಕೈಸನ್ನೆಯಲ್ಲೇ ಕುರ್ಚಿ ತೋರಿಸಿ, ಫೋನಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಿದ್ದರು: "ನಿಮ್ಮಲ್ಲಿ ಬಸುರಿ ಹೆಂಗಸರು ಯಾರಾದ್ರೂ ಇದ್ದಾರಾ? ಇದ್ರೆ ಈಗಲೇ ಅವರನ್ನ ಅಲ್ಲಿಂದ ಎಬ್ಬಿಸಿ ಸ್ವಾಮಿ, ಕಾರಣ ಆಮೇಲೆ ಹೇಳ್ತೀನಿ."