ಹೋಗಿ ಬರುವ ನೀರು

ನನ್ನ ಹೆಂಡತಿ ಕಾಸರಗೋಡಿನ ಕಡಲ ಬದಿಯವಳು. ಮದುವೆಯಾಗಿ ಘಟ್ಟದ ಮೇಲೆ, ಕಾಡಂಚಿನ ಮುತ್ತಂಗ ರಸ್ತೆಯ ನಮ್ಮ ಮನೆಗೆ ಬಂದ ಹೊಸತರಲ್ಲಿ ಹತ್ತಿರದ ತೋಡಿನವರೆಗೆ ಹೋಗಿ, ಹರಿಯುವ ನೀರು ನೋಡಿ ತಿರುಗಿ ಬರುತ್ತಿದ್ದಳು. ಅವಳಿಗೇನು ಬೇಕೆಂದು ನನಗೆ ಗೊತ್ತಿತ್ತು. ಕೋಳಿಕ್ಕೋಡಿನಿಂದ ಗಾಜಿನ ತೊಟ್ಟಿ, ಕಡಲ ನೀರು ಮಾಡುವ ಉಪ್ಪು, ಸಣ್ಣ ಕಲ್ಲಿಗೆ ಅಂಟಿಕೊಂಡ ಒಂದು ಮೆತ್ತನೆಯ ಹವಳ ತಂದೆ. ಅದರ ಎಸಳುಗಳು ಮುಚ್ಚಿ ತೆರೆಯುತ್ತವೆ, ಅದರ ಊಟವನ್ನು ನೀರೇ ತಂದು ಕೊಡಬೇಕು ಎಂದು ಅಂಗಡಿಯವನು ಹೇಳಿದ್ದ.

ನಮ್ಮಲ್ಲಿ ಅದು ತೆರೆಯಲೇ ಇಲ್ಲ. ಮೋಟಾರು ರಿಪೇರಿ ನನ್ನ ಕಸುಬು. ನೀರು ಜೋರಾಗಿ ಬಂದಷ್ಟೂ ಒಳ್ಳೆಯದೆಂದು ಪಂಪನ್ನು ನೇರ ಅದರ ಮೇಲೆ ತಿರುಗಿಸಿದ್ದೆ. ಹವಳ ಒಂದು ಬದಿಗೆ ವಾಲಿ ಕುಗ್ಗಿತು. ಪಂಪು ನಿಲ್ಲಿಸಿದರೆ ಮೈಮೇಲೆ ಕಸ ಕೂತು ಮಂಕಾಯಿತು.

ಒಂದು ಮಧ್ಯಾಹ್ನ ಅವಳು ನೋಡುತ್ತಾ ನಿಂತು ಹೇಳಿದಳು: “ಕಡಲು ಒಂದೇ ಬದಿಗೆ ದೂಡುದಿಲ್ಲ. ಹೋಗ್ತದೆ, ಬರ್ತದೆ. ಹಾಗೆ ಮಾಡಿ ನೋಡಿ.”

ಎರಡು ಪಂಪು ಎದುರುಬದುರು ಇಟ್ಟು, ಒಂದು ನಿಂತಾಗ ಇನ್ನೊಂದು ಓಡುವಂತೆ ಮಾಡಿದೆ. ಕೆಲವು ದಿನಗಳಲ್ಲಿ ಎಸಳುಗಳು ಬಿಚ್ಚಿ ಅತ್ತಿತ್ತ ತೂಗತೊಡಗಿದವು. ಅವಳು ಅಡುಗೆ ಬಿಟ್ಟು ಬಂದು ತೊಟ್ಟಿಯ ಮುಂದೆ ಕೂತಳು. ಅನ್ನ ಸೀದದ್ದು ಇಬ್ಬರಿಗೂ ತಿಳಿಯಲಿಲ್ಲ.

ಆಮೇಲೆ ಅವಳಿಗೆ ಕನ್ನಡ ಟೀಚರ್ ಕೆಲಸ ಸಿಕ್ಕಿತು. ನಮ್ಮಲ್ಲಿ ಎಲ್ಲ ಮಲಯಾಳಂ ಶಾಲೆಗಳೇ; ಕನ್ನಡ ಶಾಲೆಗಳಿರುವುದು ಅವಳ ಊರಿನ ಕಡೆ. ಈಗ ತಿಂಗಳಿಗೊಮ್ಮೆ ಬರುತ್ತಾಳೆ. ಸಂಜೆ ಫೋನ್ ಮಾಡಿದಾಗ “ಮೊದಲು ಹವಳ ತೋರಿಸಿ,” ಅನ್ನುತ್ತಾಳೆ. ನಾನು ಫೋನನ್ನು ಗಾಜಿಗೆ ಹಿಡಿಯುತ್ತೇನೆ. ಆಗ ನನಗೆ ಅವಳ ಮುಖ ಕಾಣುವುದಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಪಂಪು ಕೆಟ್ಟು ಹವಳ ಮುದುಡಿತು. ಪಂಪು ಬಿಚ್ಚಿ, ಒಳಗೆ ಕಟ್ಟಿದ್ದ ಉಪ್ಪು ಕೆರೆದು ಮತ್ತೆ ಓಡಿಸಿದೆ. ಅರಳಿದ ಮೇಲೆ ತೋರಿಸೋಣವೆಂದು, ಆ ಸಂಜೆ ಕರೆಂಟಿಲ್ಲ ಎಂದೆ. ಅವಳಿಗೆ ನಂಬಿಕೆಯಾಗಲಿಲ್ಲ.

“ಅದನ್ನು ಇಲ್ಲಿಗೇ ತನ್ನಿ,” ಎಂದಳು. ಆಮೇಲೆ, “ನೀವೂ ಬನ್ನಿ.”

“ಶರಿ,” ಎಂದೆ.

ಹವಳ ಬಿಚ್ಚಿಕೊಂಡ ಶನಿವಾರ ಅಂಗಡಿ ಮುಚ್ಚಿ ಬಸ್ಸು ಹತ್ತಿದೆ. ಹವಳ ಒಯ್ಯಲಿಲ್ಲ. ಅದೂ ಹೋದರೆ ಅವಳು ಈ ಮನೆಯಲ್ಲಿ ನೋಡಬೇಕೆನ್ನುವುದು ಇನ್ನೇನಿರುತ್ತದೆ ಅನ್ನಿಸಿತು. ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ನನ್ನ ಬರಿಗೈ ನೋಡಿದಳು. ತನ್ನ ಮನೆಗೆ ಹೋಗುವ ದಾರಿ ಬಿಟ್ಟು ಕಡಲ ಕಡೆಗೆ ನಡೆದಳು. ನಾನೂ ಜೊತೆಗೆ ನಡೆದೆ. ಮರುದಿನ ಮಧ್ಯಾಹ್ನಕ್ಕೆ ನನಗೆ ಊರಿಗೆ ತಿರುಗಿ ಹೋಗುವ ಬಸ್ಸಿತ್ತು.