ಅತ್ತೆ ಬೇಡವೆಂದ ಕಾಲೇಜು

ಮೊನ್ನೆ ಮಗಳ ಕಾಲೇಜು ಬ್ಯಾಗನ್ನು ಒಗೆಯಲು ತೆಗೆದೆ. ಒಳಗಿನಿಂದ ಊಟದ ಡಬ್ಬಿ ಉರುಳಿ ಬಿತ್ತು. ಪಿಯುಸಿಯ ಕೊನೆಯ ಕ್ಲಾಸಿನ ದಿನ ಕಟ್ಟಿಕೊಟ್ಟಿದ್ದು, ಹಾಗೇ ಉಳಿದುಬಿಟ್ಟಿದೆ. ಮುಚ್ಚಳ ತೆಗೆದೆ ನೋಡಿ... ಅಬ್ಬಬ್ಬಾ! ಚಿತ್ರಾನ್ನ ಹೋಗಿ ಇನ್ನೇನೋ ಆಗಿತ್ತು. "ನಿನಗೆ ಮೂಗು ಅನ್ನೋದು ಇದೆಯೇನೇ?" ಎಂದು ಕೂಗಾಡಿ ಬಚ್ಚಲಿಗೆ ಒಯ್ದು ಉಜ್ಜಲು ಕೂತೆ. ಉಜ್ಜುತ್ತಾ ಉಜ್ಜುತ್ತಾ ಆ ನಾತವೆಲ್ಲ ಹೋಗಿ, ಬಿಸಿನೀರು ಬಿದ್ದ ಸ್ಟೀಲು ಡಬ್ಬಿಯ ಹಳೆಯ ವಾಸನೆಯೊಂದು ಎದ್ದಿತು. ಅತ್ತೆ ನೆನಪಾದಳು.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದೂ ಅವಳೇ. ಲಷ್ಕರ್ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿಯೊಂದರ ಹಿಂದೆ ನಮ್ಮ ಬಾಡಿಗೆ ಮನೆ. ಅಪ್ಪ ಬಟ್ಟೆ ಅಂಗಡಿಯಲ್ಲಿ ಇಡೀ ದಿನ ಸೀರೆ ಬಿಡಿಸಿ ತೋರಿಸುತ್ತಿದ್ದರು. ಮಾರಾಟವಾದ ಸೀರೆಗಳ ಸೆರಗಿಗೆ ಅತ್ತೆ ಮನೆಯಲ್ಲಿ ಕೂತು ಕುಚ್ಚು ಕಟ್ಟುತ್ತಿದ್ದಳು. ಎರಡೂ ಸೇರಿದರೆ ಮನೆ ನಡೆಯುತ್ತಿತ್ತು, ಅಷ್ಟೆ.

ಆರಿಸುವುದರಲ್ಲಿ ಮಾತ್ರ ಅವಳನ್ನು ಬಿಟ್ಟರಿಲ್ಲ. ಬದನೆಕಾಯಿಯನ್ನು ಒತ್ತಿ ನೋಡುವವರನ್ನು ಕಂಡರೆ ಅವಳಿಗೆ ನಗು, ತೊಟ್ಟು ನೋಡಬೇಕಂತೆ. ಬಾಡಿಗೆ ಮನೆ ನೋಡಲು ಹೋದರೆ ಗೋಡೆ, ಕಿಟಕಿ ಏನೂ ನೋಡುತ್ತಿರಲಿಲ್ಲ. ಸೀದಾ ನಲ್ಲಿಯ ಹತ್ತಿರ ಹೋಗಿ ಅದರ ಕೆಳಗಿನ ಕಲ್ಲು ಸವೆದಿದೆಯೇ ಎಂದು ನೋಡುತ್ತಿದ್ದಳು. ಕಲ್ಲು ಸವೆದಿದ್ದರೆ ನೀರು ಚೆನ್ನಾಗಿ ಬರುತ್ತದೆ ಎಂದು ಲೆಕ್ಕ. ಬೀದಿಯವರು ಗಂಡು ನೋಡಲು ಹೋಗುವಾಗಲೂ ಅವಳನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅವಳಿಗೆ ಅದರ ಜಂಬವೂ ಇತ್ತು. ಇರಲಿ ಬಿಡಿ, ಇರಬೇಕಾದದ್ದೇ.

ನಾನು ಪಿಯುಸಿಯಲ್ಲಿದ್ದಾಗ ನಮ್ಮ ಲೆಕ್ಚರರ್ ಒಬ್ಬರು ಮೊಸರಿನ ಹನಿಯೊಂದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ತೋರಿಸಿದ್ದರು. ದಿನಾ ಅನ್ನಕ್ಕೆ ಕಲಸಿಕೊಂಡು ತಿನ್ನುವ ಮೊಸರಲ್ಲಿ ಅಷ್ಟೊಂದು ಜೀವ! ಅವತ್ತೇ ಹುಚ್ಚು ಹಿಡಿಯಿತು. ಓದಿದರೆ ಮೈಕ್ರೋಬಯಾಲಜಿಯನ್ನೇ ಓದಬೇಕು, ತಲೆ ಮೇಲೆ ತಲೆ ಬಿದ್ದರೂ ಸರಿ. ನಮ್ಮ ಕೈಗೆಟುಕುವ ಫೀಜಿನಲ್ಲಿ ಅದಿದ್ದದ್ದು ಹುಣಸೂರು ರಸ್ತೆಯ ಒಂದೇ ಒಂದು ಕಾಲೇಜಿನಲ್ಲಿ. ಮನೆ ಹತ್ತಿರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮಾಮೂಲಿ ಬಿಎಸ್ಸಿ ಮಾತ್ರ.

ಅಪ್ಪ ಮೊದಲೇ ಹೇಳಿಬಿಟ್ಟಿದ್ದರು, ಕಂಡಕಂಡ ಕಡೆಗೆಲ್ಲ ಅರ್ಜಿ ಹಾಕುವುದು ಬೇಡ ಎಂದು. ಸೀಟು ಸಿಕ್ಕಿ, ದುಡ್ಡಿಲ್ಲ ಎಂದು ಬಿಡುವುದಕ್ಕಿಂತ ಹಾಕದೇ ಇರುವುದೇ ಮೇಲು ಎನ್ನುವುದು ಅವರ ವಾದ. "ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಕಣಮ್ಮ," ಎಂದರು. ಅತ್ತೆ ಕುಚ್ಚಿನ ದಾರ ಹಲ್ಲಲ್ಲಿ ಕಚ್ಚಿಕೊಂಡೇ, "ಹಾಸಿಗೇನೇ ಇಲ್ದೋರು ಕಾಲು ಎಲ್ಲಿಡೋದೋ? ಸುಮ್ನಿರು. ನಾನು ನೋಡ್ಕೊಂಡು ಬತ್ತೀನಿ," ಎಂದಳು.

ಅವಳು ನೋಡುತ್ತಿದ್ದ ರೀತಿಯೇ ಬೇರೆ. ಫೀಜನ್ನು ಅಪ್ಪ ವಿಚಾರಿಸಿಕೊಂಡು ಬಂದಿದ್ದರು, ಅದರ ತಂಟೆಗೆ ಅವಳು ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಒಂದೊಂದು ಕಾಲೇಜಿನ ಗೇಟಿನ ಎದುರು ಹೋಗಿ, ನೆರಳಿದ್ದ ಕಡೆ ಕೂತು, ಹುಡುಗಿಯರು ಊಟಕ್ಕೆ ಏನು ಮಾಡುತ್ತಾರೆ ಎಂದು ನೋಡುತ್ತಿದ್ದಳು. ಡಬ್ಬಿ ಬಿಚ್ಚುತ್ತಾರೋ, ದುಡ್ಡು ಬಿಚ್ಚುತ್ತಾರೋ... "ಫೀಜು ವರ್ಷಕ್ಕೊಂದ್ಸಲ ಕಣೆ, ಹೊಟ್ಟೆ ದಿನಾ ಕೇಳುತ್ತೆ. ಎಲ್ರೂ ಎದ್ದು ಕ್ಯಾಂಟೀನಿಗೆ ಹೋದ್ರೆ ನೀನೊಬ್ಳು ಡಬ್ಬಿ ಮುಂದೆ ಏನ್ ಮಾಡ್ತೀಯ?" ಎನ್ನುತ್ತಿದ್ದಳು. ನನಗೆ ನಗು ಬಂದರೂ, ಮಾತು ಸುಳ್ಳಲ್ಲ ಎಂದೂ ಅನ್ನಿಸುತ್ತಿತ್ತು.

ಹೆಣ್ಣುಮಕ್ಕಳ ಕಾಲೇಜನ್ನು ನೋಡಿಕೊಂಡು ನಗುತ್ತಾ ಬಂದಳು. ಅಲ್ಲಿ ಜಗಲಿಯ ತುಂಬ ಡಬ್ಬಿಗಳಂತೆ, ಒಬ್ಬರದು ಇನ್ನೊಬ್ಬರು ತಿನ್ನುತ್ತಿದ್ದರಂತೆ. ಹುಣಸೂರು ರಸ್ತೆಯ ಕಾಲೇಜಿಗೆ ಹೋದ ದಿನ ಮಾತ್ರ ಮುಖ ಗಂಟು ಹಾಕಿಕೊಂಡು ಬಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ನೀರು ಕುಡಿದು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಅದು ಬೇಡ ಕಣೆ," ಎಂದಳು.

ಒಬ್ಬಳ ಕೈಯಲ್ಲೂ ಡಬ್ಬಿ ಇರಲಿಲ್ಲವಂತೆ. ಎಲ್ಲರೂ ಗೇಟಿನ ಎದುರಿನ ಬೇಕರಿಗೆ ನುಗ್ಗಿ ಪಫ್ಸು, ಜ್ಯೂಸು ಎಂದು ನಿಂತುಬಿಟ್ಟಿದ್ದರಂತೆ. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವ ಅನ್ನೋ ಜಾಗ ಅದು. ನೋಡು, ಈಗ ನಮ್ಮತ್ರ ದುಡ್ಡಿಲ್ಲ ಅಷ್ಟೆ, ನಾವು ಬಡವ್ರಲ್ಲ. ಅಲ್ಲಿಗೋದ್ರೆ ನೀನು ಬಡವಳಾಗ್ಬುಡ್ತೀಯ."

ನಾನು ಗೋಗರೆದೆ. ಅತ್ತೂ ಆಯಿತು, ಒಂದು ಹೊತ್ತು ಊಟ ಬಿಟ್ಟೂ ಆಯಿತು. ಅಪ್ಪ ಒಮ್ಮೆ ನನ್ನ ಕಡೆ, ಒಮ್ಮೆ ಅಕ್ಕನ ಕಡೆ ನೋಡಿ, "ಅಕ್ಕ ಹೇಳಿದ್ಮೇಲೆ ಮುಗೀತು," ಎಂದುಬಿಟ್ಟರು. ಅಲ್ಲಿಗೆ ಅರ್ಜಿ ಹಾಕಲೇ ಇಲ್ಲ. ಹೆಣ್ಣುಮಕ್ಕಳ ಕಾಲೇಜಿಗೆ ಸೇರಿದೆ.

ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಇಲವಾಲದ ಗೆಳತಿ ದಸರಾ ರಜೆಯಲ್ಲಿ ದೀಪಾಲಂಕಾರ ನೋಡಲೆಂದು ಬಂದವಳು ನಮ್ಮ ಮನೆಗೂ ಬಂದಳು. ಅವಳ ಮನೆಯಲ್ಲಿ ಎರಡು ಹಸು, ಡೈರಿಗೆ ಹಾಲು ಹಾಕಿ ಜೀವನ. ನಮಗಿಂತ ಒಂದು ಕೈ ಕೆಳಗೇ. ಬಸ್ಸಿಗೆ ಹತ್ತಿರ ಎಂದು ಆ ಹುಣಸೂರು ರಸ್ತೆಯ ಕಾಲೇಜಿಗೇ ಸೇರಿದ್ದಳು. ನನಗದು ಅವತ್ತೇ ಗೊತ್ತಾದದ್ದು. ಅತ್ತೆ ಅವಳಿಗೆ ಹುಳಿಯನ್ನ ಬಡಿಸುತ್ತಾ ತನ್ನ ಮಾಮೂಲಿ ಪ್ರಶ್ನೆ ಕೇಳಿದಳು.

"ಮಧ್ಯಾಹ್ನ ಊಟಕ್ಕೆ ಏನ್ಮಾಡ್ತೀಯಮ್ಮ?"

"ಡಬ್ಬಿ ಅತ್ತೆ. ನಮ್ ಕಾಲೇಜಲ್ಲಿ ಎಲ್ರೂ ಡಬ್ಬೀನೇ. ಹೊಂಗೆ ಮರದ ಕೆಳಗೆ ಕೂತ್ಕೋತೀವಿ. ಕ್ಯಾಂಟೀನೇ ಇಲ್ವಲ್ಲ ಅಲ್ಲಿ!"

ಅತ್ತೆಯ ಕೈಯಲ್ಲಿ ಸೌಟು ಹಾಗೇ ನಿಂತಿತು. "ಮತ್ತೆ ಆ ಬೇಕರಿ?"

"ಅಯ್ಯೋ, ಅದು ಪರೀಕ್ಷೆ ದಿನ ಅಷ್ಟೇ ಅತ್ತೆ. ಅವತ್ತು ಒಂದು ಗಂಟೆಗೆ ಬುಡ್ತಾರೆ, ಯಾರು ಡಬ್ಬಿ ತತ್ತಾರೆ? ಪರೀಕ್ಷೆ ಮುಗೀತಲ್ಲ ಅಂತ ಏನೋ ಒಂದು ತಿಂದು ಮನೆಗೋಗ್ತಾರೆ."

ಅತ್ತೆ ನೋಡಲು ಹೋಗಿದ್ದದ್ದು ಪರೀಕ್ಷೆಯ ದಿನ. ಕಾಲೇಜಿನ ಮೆಟ್ಟಿಲು ಹತ್ತದ ಹೆಂಗಸಿಗೆ ಪರೀಕ್ಷೆಯ ದಿನ ಅರ್ಧ ದಿನಕ್ಕೆ ಬಿಡುತ್ತಾರೆ ಎಂದು ಹೇಗೆ ಗೊತ್ತಾಗಬೇಕು? ಹೀಗೆಂದು ಈಗ ಬರೆಯುತ್ತಿದ್ದೇನೆ. ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗೆಳತಿಯ ಮುಂದೆ ನುಂಗಿಕೊಂಡು ಕೂತಿದ್ದೆ. ಅತ್ತೆ ಅವಳಿಗೆ ಇನ್ನೊಂದು ಸೌಟು ಬಡಿಸಿ, "ತಿನ್ನಮ್ಮ, ಚೆನ್ನಾಗಿ ತಿನ್ನು," ಎಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ರಜೆ ಮುಗಿದ ಮರುದಿನ ನಾನು ಮನೆಗೆ ಬಂದಾಗ ಅವಳು ಮದುವೆಮನೆಗೆ ಉಡುವ ಸೀರೆಯಲ್ಲಿ ಕೂತಿದ್ದಳು. ಆ ಕಾಲೇಜಿಗೆ ಹೋಗಿದ್ದಳಂತೆ, ಆಫೀಸಿನ ಒಳಗೇ. ಗುಮಾಸ್ತರ ಹತ್ತಿರ ತಪ್ಪು ತನ್ನದು, ಹುಡುಗಿಯದಲ್ಲ ಎಂದು ಹೇಳಿ ಬೇಡಿಕೊಂಡಿದ್ದಳಂತೆ. ವರ್ಷದ ನಡುವೆ ಸೇರಿಸಿಕೊಳ್ಳಲು ಬರುವುದಿಲ್ಲ, ಬೇಕಾದರೆ ಬರುವ ವರ್ಷ ಮೊದಲಿನಿಂದ ಸೇರಲಿ ಎಂದರಂತೆ. ಒಂದು ವರ್ಷ ದಂಡ ಮಾಡಿ ಮತ್ತೆ ಮೊದಲಿನಿಂದ ಓದಿಸುವ ಶಕ್ತಿ ನಮ್ಮ ಮನೆಗೆಲ್ಲಿತ್ತು?

"ಬುಡತ್ತೆ ಅತ್ಲಾಗೆ. ನಂಗೆ ಇಲ್ಲೂ ಚೆನ್ನಾಗೇ ಇದೆ," ಎಂದೆ.

ನನ್ನ ಮುಖವನ್ನೊಮ್ಮೆ ನೋಡಿದಳು. "ಸುಳ್ಳೇಳ್ಬೇಡ. ಅಷ್ಟಾದ್ರೂ ಗೊತ್ತಾಗುತ್ತೆ ನಂಗೆ."

ಆಮೇಲೆ ಅವಳು ಏನನ್ನೂ ಆರಿಸಲಿಲ್ಲ. ಮಾರ್ಕೆಟ್ಟಿಗೆ ಹೋದರೆ ಬುಟ್ಟಿ ಹಿಡಿದು ನಿಂತು, "ನೀನೇ ನೋಡು ಕಣಮ್ಮ," ಎನ್ನುತ್ತಿದ್ದಳು. ಬೀದಿಯವರು ಗಂಡು ನೋಡಲು ಕರೆದರೆ, "ನನ್ನ ಕೇಳ್ಬೇಡಿ ಕಣ್ರೀ, ನಂಗೇನೂ ತಿಳಿಯಲ್ಲ," ಎಂದು ಬಾಗಿಲಿಂದಲೇ ಕಳಿಸುತ್ತಿದ್ದಳು. ಕುಚ್ಚಿಗೆ ಯಾವ ಬಣ್ಣದ ದಾರ ಎನ್ನುವುದನ್ನೂ ಅಪ್ಪನನ್ನು ಕೇಳತೊಡಗಿದಳು. ನನ್ನ ಸೀಟು ಹೋದದ್ದಕ್ಕೆ ನಾನು ಅತ್ತದ್ದು ಒಂದು ವರ್ಷವಿರಬಹುದು. ಅವಳು ಹೀಗಾದದ್ದಕ್ಕೆ ಒಳಗೊಳಗೇ ಅತ್ತದ್ದು ಬಹಳ ವರ್ಷ. ಬಿಎಡ್ ಮುಗಿಸಿ, ಎರಡು ಶಾಲೆಯಲ್ಲಿ ಕೆಲಸ ಸಿಕ್ಕಿದಾಗ ಬೇಕೆಂದೇ ಅವಳ ಮುಂದೆ ಹೋಗಿ, ಯಾವುದಕ್ಕೆ ಸೇರಲಿ ಎಂದು ಕೇಳಿದೆ. ಬಾಯಿ ತೆರೆದಳು. ಏನೋ ಹೇಳಿಯೇ ಬಿಡುತ್ತಾಳೆ ಎಂದುಕೊಂಡೆ... "ನೀನು ಓದ್ದೋಳು ಕಣೆ, ನಿಂಗೆ ಗೊತ್ತಿರುತ್ತೆ," ಎಂದು ದಾರದ ಉಂಡೆ ಎತ್ತಿಕೊಂಡಳು. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಳು.

ಈಗ ನಾನು ಒಂಟಿಕೊಪ್ಪಲಿನಲ್ಲಿದ್ದೇನೆ. ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಯಜಮಾನರದ್ದು ಔಷಧಿ ಅಂಗಡಿಯಲ್ಲಿ ಕೆಲಸ. ಎರಡು ಸಂಬಳ ಸೇರಿದರೂ ಮಗಳು ಬಯಸುವ ಕಾಲೇಜು ನಮಗೆ ಎಟುಕುತ್ತದೋ ಇಲ್ಲವೋ ಎನ್ನುವ ಹಾಗಿದೆ. ಅರ್ಜಿ ಹಾಕಲೋ ಬೇಡವೋ ಎಂದು ವಾರದಿಂದ ಕೇಳುತ್ತಿದ್ದಾಳೆ. ನೋಡೋಣ, ನೋಡೋಣ ಎಂದು ತಳ್ಳುತ್ತಾ ಬಂದಿದ್ದೇನೆ. ಹೂಂ ಎನ್ನಲೂ ಭಯ, ಬೇಡ ಎನ್ನಲು ಇನ್ನೂ ಭಯ.

ಅತ್ತೆಯ ಮೇಲಿನ ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು. ಆದರೂ ಅವಳು ಬೇಕು. ತಪ್ಪೇ ಆಗಲಿ, ಹೀಗೆ ಮಾಡು ಎಂದು ಗಟ್ಟಿಯಾಗಿ ಹೇಳಿ, ತಪ್ಪಾದರೆ ಒಳ್ಳೆ ಸೀರೆ ಉಟ್ಟುಕೊಂಡು ಹೋಗಿ ನಮಗಾಗಿ ಬೇಡಿಕೊಳ್ಳುವವರು ನಮ್ಮಲ್ಲಿ ಈಗ ಯಾರೂ ಇಲ್ಲ. ಅರ್ಜಿಗೆ ನಾಳೆ ಕೊನೆಯ ದಿನ. ಮಗಳು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಾಳೆ.